ಹದಿನೆಂಟೂ ಆಯ್ತಾ?

ಮುದ್ರೆ ಮೇಸ್ತ್ರಿಯ ಮನೆಯಲ್ಲಿ ಒಂದು ಮಾತು ಮೂವತ್ತಾರು ವರ್ಷದಿಂದ ಓಡಾಡುತ್ತಿತ್ತು. ಯಾರಾದರೂ ಪಾತ್ರೆ ಅರ್ಧ ತೊಳೆದು ಎದ್ದರೆ, ಮೊಮ್ಮಗಳು ಲೆಕ್ಕದ ಪುಟವನ್ನು ಅರ್ಧಕ್ಕೆ ಬಿಟ್ಟು ಆಡಲು ಹೊರಟರೆ, ಬಲ್ಬು ಹಾಕಲು ಸ್ಟೂಲು ಹತ್ತಿದ ಅಳಿಯ ಫೋನು ಬಂತೆಂದು ಇಳಿದರೆ, ಮನೆಯ ಯಾವುದೋ ಮೂಲೆಯಿಂದ ದನಿ ಬರುತ್ತಿತ್ತು: "ಹದಿನೆಂಟೂ ಆಯ್ತಾ?"

ಮೇಸ್ತ್ರಿ ಮದ್ದುಗುಂಡಿನ ಡಿಪೋದಲ್ಲಿ ಕೆಲಸಕ್ಕಿದ್ದವರು. ಸೈನ್ಯಕ್ಕೆ ಬೇಡವಾದ ತೋಪಿನ ಶೆಲ್ಲುಗಳು, ಎಂದರೆ ಒಳಗೆ ಮದ್ದು ತುಂಬಿದ ಉಕ್ಕಿನ ಗುಂಡುಗಳು, ಅಲ್ಲಿಗೆ ಬರುತ್ತಿದ್ದವು. ಒಬ್ಬ ಆವಿ ಹಾಯಿಸಿ ಒಳಗಿನ ಮದ್ದನ್ನು ಕರಗಿಸಿ ಹೊರಗೆ ಸುರಿಯಬೇಕು. ಇನ್ನೊಬ್ಬ ಒಳಗೆ ದೀಪ ಹಿಡಿದು ನೋಡಬೇಕು, ಮರದ ಸುತ್ತಿಗೆಯಿಂದ ಬಡಿದು ಕಿವಿಗೊಡಬೇಕು. ಖಾಲಿ ಶೆಲ್ಲು ಗಂಟೆಯ ಹಾಗೆ ಠಣ್ ಎನ್ನುತ್ತದೆ, ತುಂಬಿದ್ದು ದೊಪ್ ಎನ್ನುತ್ತದೆ. ಠಣ್ ಎಂದ ಮೇಲೆ ಮೂತಿಗೆ ಬಿರಡೆ ತಿರುಗಿಸಿ, ಕುತ್ತಿಗೆಯ ಮೇಲೆ ತನ್ನ ನಂಬರನ್ನೂ ಆ ದಿನದ ತಾರೀಖನ್ನೂ ಉಕ್ಕಿನ ಅಚ್ಚಿನಿಂದ ಹೊಡೆಯಬೇಕು. ಆ ಎರಡನೆಯವರೇ ನಮ್ಮ ಮೇಸ್ತ್ರಿ, ನಂಬರು ಮೂವತ್ತೊಂದು. ಅವರ ಮುದ್ರೆ ಬಿದ್ದ ಶೆಲ್ಲು ಆಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಗುಜರಿಗೆ, ಪಾರ್ಕಿಗೆ, ಕ್ಲಬ್ಬಿನ ಬಾಗಿಲಿಗೆ, ಶಾಲೆಯ ಗೇಟಿಗೆ.

ಮಗಳು ಹುಟ್ಟಿದ ದಿನ, ಹೆಂಡತಿಗೆ ನೋವು ಶುರುವಾಗಿದೆ ಎಂದು ಆಸ್ಪತ್ರೆಯಿಂದ ಸುದ್ದಿ ಬಂದಾಗ, ಅವರ ಮುಂದೆ ಹದಿನೆಂಟು ಶೆಲ್ಲುಗಳಿದ್ದವಂತೆ. "ಬೇರೆಯವರಾಗಿದ್ರೆ ಎದ್ದುಬಿದ್ದು ಓಡೋರು. ನಾನು ಹದಿನೆಂಟೂ ಮುಗಿಸ್ದೆ, ಮುದ್ರೆ ಹೊಡ್ದೆ, ಆಮೇಲೆ ಸೈಕಲ್ ಹತ್ದೆ," ಎಂದು ಅವರು ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಹೇಳುತ್ತಿದ್ದರು. ಕೇಳಿ ಕೇಳಿ ಮನೆಯವರ ಕಿವಿ ತೂತಾಗಿತ್ತು. ಆದರೆ ಮಗಳಿಗೆ ಆ ಕಥೆ ರಕ್ತಕ್ಕೇ ಇಳಿದಿತ್ತು. ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಎರಡು ಸಲ ನೋಡದೆ ಯಾವ ರಿಪೋರ್ಟಿಗೂ ಸಹಿ ಹಾಕಿದವಳಲ್ಲ. ಬೇಗ ಕೊಡಿ ಎಂದು ಡಾಕ್ಟರು ರೇಗಿದರೆ, "ನಾನು ನಮ್ಮಪ್ಪನ ಮಗಳು ಸರ್," ಎನ್ನುತ್ತಿದ್ದಳು.

ಇಂಥ ಮೇಸ್ತ್ರಿಯನ್ನು ಸೇನಾ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂಗೆ ಕರೆದುಕೊಂಡು ಹೋಗುವುದೆಂದು ಅಳಿಯ ತೀರ್ಮಾನಿಸಿದ್ದ. ಅಳಿಯ ಒಳ್ಳೆಯವನೇ. ಆದರೆ ಒಂದು ಚಟ, ಕಂಡ ಬೋರ್ಡುಗಳ ಫೋಟೋ ತೆಗೆಯುವುದು. ಟಿಕೆಟ್ ಕೌಂಟರಿನ ಬೋರ್ಡು, ಚಪ್ಪಲಿ ಬಿಡಬೇಡಿ ಎಂಬ ಬೋರ್ಡು, ಫೋಟೋ ತೆಗೆಯಬಾರದು ಎಂಬ ಬೋರ್ಡು, ಒಂದನ್ನೂ ಅವನು ಬಿಡಲಿಲ್ಲ.

ಭಾನುವಾರವಾದ್ದರಿಂದ ಜನ ಕಿಕ್ಕಿರಿದಿದ್ದರು. ಬಾವುಟಗಳ ಕೋಣೆ, ಸಮವಸ್ತ್ರಗಳ ಕೋಣೆ, ಕುದುರೆ ಜೀನುಗಳ ಕೋಣೆ ದಾಟಿ ತೋಪುಗಳ ದೊಡ್ಡ ಹಾಲಿಗೆ ಬಂದಾಗ ಮೇಸ್ತ್ರಿಯ ಬೆನ್ನು ತಾನಾಗಿ ನೆಟ್ಟಗಾಯಿತು. ತವರಿಗೆ ಬಂದ ಹಾಗೆ ಸುತ್ತ ನೋಡಿದರು.

"ತಾತ, ಇಂಥದ್ದು ನಮ್ಮ ಸ್ಕೂಲ್ ಗೇಟಲ್ಲೂ ಎರಡಿದೆ," ಎಂದಳು ಒಂಬತ್ತು ವರ್ಷದ ಮೊಮ್ಮಗಳು. "ಬಿಳಿ ಬಣ್ಣ ಬಳ್ದಿದಾರೆ. ನಾವು ಅದ್ರ ಮೇಲೆ ಕೂತ್ಕೋತೀವಿ."

"ಕೂತ್ಕೊಳ್ಳಮ್ಮ. ನಮ್ಮ ಡಿಪೋದವ್ರು ಹೊಟ್ಟೆ ಬಗ್ದು ಕಳ್ಸಿರೋ ಮಾಲು ಅದು," ಎಂದು ಮೇಸ್ತ್ರಿ ಮೀಸೆ ಮೇಲೆ ಕೈಯಾಡಿಸಿದರು.

ಆ ಹಾಲ್ ನಡುವೆ ಮಕ್ಕಳದೊಂದು ಸಾಲು. ಅಲ್ಲಿ ಐದು ಶೆಲ್ಲುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಿಮೆಂಟಿನ ಕಟ್ಟೆಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಸರಪಳಿಗೆ ಒಂದು ಮರದ ಸುತ್ತಿಗೆ ಕಟ್ಟಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಐದನ್ನೂ ಬಡಿಯಬಹುದು. ನೀಲಿ ಕೋಟಿನ ಗೈಡ್ ಹುಡುಗಿ ಲವಲವಿಕೆಯಿಂದ ಹೇಳುತ್ತಿದ್ದಳು: "ಯುದ್ಧದ ಗುಂಡು ಈಗ ಸಂಗೀತ ಹಾಡುತ್ತೆ! ಬನ್ನಿ, ಬಡೀರಿ!"

ಒಬ್ಬ ದಪ್ಪ ಹುಡುಗ ಬಡಿದ. ಠಣ್. ಠಣ್. ಠಣ್. ದೊಪ್. ಠಣ್.

ಮಕ್ಕಳು ಘೊಳ್ಳೆಂದು ನಕ್ಕರು. "ನಾಲ್ಕನೇದಕ್ಕೆ ಯಾವಾಗ್ಲೂ ನೆಗಡಿ," ಎಂದಳು ಗೈಡ್. ಈ ನಗೆಚಾಟಿಕೆಯನ್ನು ಆಕೆ ದಿನಕ್ಕೆ ನೂರು ಸಲ ಹೇಳುತ್ತಿದ್ದಿರಬೇಕು.

ಮೇಸ್ತ್ರಿ ನಗಲಿಲ್ಲ. ಮೊಮ್ಮಗಳು ಆಗಲೇ ಓಡಿಹೋಗಿ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಏಳು ಮಕ್ಕಳು.

ಮರಳು ತುಂಬಿರಬಹುದು, ಎಂದು ತಮಗೇ ಹೇಳಿಕೊಂಡರು. ಹೊಸ ಸಿಪಾಯಿಗಳಿಗೆ ತೋಪು ಹೊಡೆಯುವುದನ್ನು ಕಲಿಸಲು ಮರಳು ತುಂಬಿದ ಶೆಲ್ಲುಗಳೂ ಇರುತ್ತವೆ. ಅವೂ ದೊಪ್ ಎನ್ನುತ್ತವೆ. ಆದರೆ ಅಂಥವು ಡಿಪೋಗೆ ಬರುವುದಿಲ್ಲ, ಅವುಗಳ ಕುತ್ತಿಗೆಯ ಮೇಲೆ ಮುದ್ರೆಯೂ ಇರುವುದಿಲ್ಲ. ಅವರು ಕನ್ನಡಕ ಹಾಕಿಕೊಂಡು, ಕಟ್ಟೆಯ ಸುತ್ತ ಕಟ್ಟಿದ್ದ ಹಗ್ಗದ ಮೇಲಿಂದ ಬಗ್ಗಿ, ನಾಲ್ಕನೆಯ ಶೆಲ್ಲಿನ ಕುತ್ತಿಗೆ ನೋಡಿದರು. ಹಸಿರು ಬಣ್ಣದ ಕೆಳಗೆ ಗುಳಿಬಿದ್ದ ಅಂಕಿಗಳು ಚೆನ್ನಾಗಿಯೇ ಕಾಣುತ್ತಿದ್ದವು. ಮೂವತ್ತೊಂದು. ಅದರ ಕೆಳಗೆ ಒಂದು ತಾರೀಖು. ಅದು ಅವರ ಮಗಳು ಹುಟ್ಟಿದ ತಾರೀಖು.

ಮನೆಯಲ್ಲಿ ಯಾರಿಗೂ ಹೇಳದ ಸಂಗತಿ ಇಲ್ಲಿದೆ. ಡಿಪೋದಲ್ಲಿ ಒಂದು ಗುಟ್ಟಿನ ಪದ್ಧತಿಯಿತ್ತು, ಕೆಲಸಗಾರರು ಅದಕ್ಕೆ 'ಮುಂಗಡ' ಎನ್ನುತ್ತಿದ್ದರು. ಯಾರಿಗಾದರೂ ಬೇಗ ಹೋಗಬೇಕಾದರೆ, ಇನ್ನೂ ತುಂಬಿರುವ ಶೆಲ್ಲುಗಳಿಗೇ ಮೊದಲು ಮುದ್ರೆ ಹೊಡೆದು ಹೋಗುವುದು, ಜೊತೆಗಾರ ಆಮೇಲೆ ಖಾಲಿ ಮಾಡಿ ಬಿರಡೆ ಹಾಕುವುದು. ಎಲ್ಲರೂ ಮಾಡುತ್ತಿದ್ದರು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ದಿನ ಮೇಸ್ತ್ರಿ ಹದಿನೆಂಟಕ್ಕೂ ಮುಂಗಡ ಹೊಡೆದು ಸೈಕಲ್ ಹತ್ತಿದ್ದರು. "ನೀನು ಹೋಗೋ ಮಾರಾಯ, ನಾನಿದ್ದೀನಲ್ಲ," ಎಂದಿದ್ದ ಆವಿ ಅಣ್ಣ, ಅವರ ಜೊತೆಗಾರ.

ಮರುದಿನ ಬಂದು ನೋಡಿದರೆ ಶೆಲ್ಲುಗಳಿದ್ದ ಹಲಗೆ ಖಾಲಿ. ಹಿಂದಿನ ಮಧ್ಯಾಹ್ನವೇ ಬಾಯ್ಲರ್ ಕೆಟ್ಟು ಆವಿ ನಿಂತಿತ್ತೆಂದು ಚಹಾದ ಹೊತ್ತಿಗೆ ಯಾರೋ ಹೇಳಿದರು. ಮೇಸ್ತ್ರಿ ಆವಿ ಅಣ್ಣನನ್ನು ಮೂಲೆಗೆ ಕರೆದು ಕೇಳಿದರು: "ಹದಿನೆಂಟೂ ಆಯ್ತಾ ಅಣ್ಣ?"

"ಬಿರಡೆ ಹಾಕ್ದೆ, ಲಾರಿ ಬಂತು, ತುಂಬ್ಕೊಂಡು ಹೋಯ್ತು. ಮಗು ಹೇಗಿದೆ?" ಎಂದ ಆವಿ ಅಣ್ಣ, ಎತ್ತಲೋ ನೋಡುತ್ತ.

ಮೇಸ್ತ್ರಿ ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತಿತ್ತು. ಆ ಪ್ರಶ್ನೆ ಮಾತ್ರ ಗಂಟಲಲ್ಲೇ ಉಳಿಯಿತು. ಅದರ ಹೆದರಿಕೆ ಹೋಗಲೆಂದೇ ಅವರು ಅದನ್ನು ಮನೆಯಲ್ಲಿ ತಮಾಷೆ ಮಾಡಿದರು, ತಮಾಷೆ ಕಥೆಯಾಯಿತು, ಕಥೆಯಲ್ಲಿ ಅವರು ದೊಡ್ಡ ಮನುಷ್ಯರಾದರು. ಆವಿ ಅಣ್ಣ ಸತ್ತು ಹತ್ತು ವರ್ಷವಾಗಿತ್ತು. ಈಗ ಆ ಪ್ರಶ್ನೆಗೆ ಉತ್ತರ, ಸಿಮೆಂಟಿನ ಕಟ್ಟೆಯ ಮೇಲೆ ನಿಂತುಕೊಂಡು ದೊಪ್ ಎಂದಿತ್ತು.

ಮೊಮ್ಮಗಳ ಮುಂದೆ ಈಗ ಮೂರೇ ಮಕ್ಕಳು. ಮೇಸ್ತ್ರಿ ನುಗ್ಗಿ ಹೋಗಿ ಅವಳ ಕೈ ಹಿಡಿದರು. "ಬಾ ಪುಟ್ಟಿ, ತಾತಂಗೆ ತಲೆ ಸುತ್ತುತ್ತಿದೆ. ಹೊರಗೆ ಹೋಗೋಣ."

"ಇನ್ನು ಮೂರೇ ಜನ ತಾತ!"

"ಬಾ ಅಂದ್ರೆ ಬಾ!"

ದರದರ ಎಳೆದುಕೊಂಡು ಬಾಗಿಲವರೆಗೆ ಬಂದರು. ಮಗಳು ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಹಿಂದೆ ಓಡಿಬಂದಳು. ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ಮೇಸ್ತ್ರಿಗೆ ಬೇಕಿದ್ದದ್ದು ಇಷ್ಟೇ: ತಮ್ಮ ಮಗು ಹೊರಗೆ ಬರಲಿ, ತಮ್ಮ ಕಥೆ ಮನೆಯಲ್ಲಿ ಹಾಗೇ ಉಳಿಯಲಿ. ಇಷ್ಟು ವರ್ಷ ಏನೂ ಆಗದ್ದು ಇವತ್ತೇ ಆಗುತ್ತದೆಯೇ? ಹೊರಗೆ ಹೋಗಿ ಹೆಸರಿಲ್ಲದೆ ಒಂದು ಫೋನ್ ಮಾಡಿದರೂ ಸಾಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹಿಂದಿನಿಂದ ಸದ್ದು ಬಂತು. ಠಣ್. ಠಣ್. ಠಣ್. ದೊಪ್. ಮತ್ತೆ ಆ ನಗು. ಯಾವುದೋ ಮಗುವಿನ ತಂದೆ ಕೂಗಿದ: "ಜೋರಾಗಿ ಹೊಡಿ ಮರಿ! ಅದರ ನೆಗಡಿ ಬಿಡ್ಸು!"

ಮೇಸ್ತ್ರಿ ಮೊಮ್ಮಗಳ ಕೈಯನ್ನು ಮಗಳ ಕೈಗಿಟ್ಟರು. "ಇವಳನ್ನ ಕರ್ಕೊಂಡು ಗೇಟಾಚೆ ಹೋಗು. ಏನೂ ಕೇಳ್ಬೇಡ," ಎಂದು ಹೇಳಿ ಹಿಂದಕ್ಕೆ ಓಡಿದರು. ಅರವತ್ತಾರು ವರ್ಷದ ಮಂಡಿ ಅವರದು, ಆದರೂ ಓಡಿದರು. ಒಬ್ಬ ಪುಟ್ಟ ಹುಡುಗ ಎರಡೂ ಕೈಯಲ್ಲಿ ಸುತ್ತಿಗೆ ಎತ್ತಿದ್ದ. ಮೇಸ್ತ್ರಿ ಹಗ್ಗ ದಾಟಿ ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದರು.

ಹುಡುಗ ಹೋ ಎಂದು ಅತ್ತ. ಅವನ ಅಪ್ಪ, "ಏನ್ರೀ ಯಜಮಾನ್ರೇ, ತಲೆ ಕೆಟ್ಟಿದ್ಯಾ?" ಎಂದು ಮೈಮೇಲೆ ಬಂದ. ಗೈಡ್ ಹುಡುಗಿಯ ನಗು ಅರ್ಧಕ್ಕೆ ನಿಂತಿತು.

"ಎಲ್ಲರನ್ನೂ ಹೊರಗೆ ಕಳ್ಸು ತಾಯಿ," ಎಂದರು ಮೇಸ್ತ್ರಿ ಅವಳಿಗೆ ಮಾತ್ರ ಕೇಳುವಂತೆ. "ಓಡ್ಸಬೇಡ, ಕೂಗಬೇಡ. ನೆಗಡಿ ಅಲ್ಲ ಅದು. ಒಳಗೆ ಮದ್ದಿದೆ."

ಅವಳು ಮೇಲ್ವಿಚಾರಕನನ್ನು ಕರೆಸಿದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು ತೂಗಿಸಿಕೊಂಡ ಆತ ನಿಧಾನವಾಗಿ ಬಂದ. ಇಂಥ ತಾತಂದಿರನ್ನು ಬಹಳ ನೋಡಿದವನ ಮುಖ. "ಯಜಮಾನ್ರೇ, ಇದು ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆಯ್ತು. ಕಾಗದಪತ್ರ ಎಲ್ಲ ಸರಿಯಾಗಿದೆ. ಖಾಲಿ ಅಂತ ನೋಡಿ, ಬಡ್ದು, ಮುದ್ರೆ ಹೊಡ್ದು ಕಳ್ಸಿದಾರೆ. ಬೇಕಾದ್ರೆ ನೀವೇ ನೋಡಿ, ಕುತ್ತಿಗೆ ಮೇಲೆ ನಂಬರಿದೆ, ಮೂವತ್ತೊಂದು. ನಿಮ್ಮ ಮಾತು ನಂಬಲೋ, ಆ ಮುದ್ರೆ ನಂಬಲೋ?"

ಮೇಸ್ತ್ರಿ ಅಂಗಿಯ ಜೇಬಿನಿಂದ ಪಿಂಚಣಿ ಕಾರ್ಡು ತೆಗೆದರು. ಅವಸರದಲ್ಲಿ ಅದು ಕೆಳಗೆ ಬಿತ್ತು. ಎತ್ತಿಕೊಟ್ಟದ್ದು ಒಂದು ಪರಿಚಿತ ಕೈ. ಮೊಮ್ಮಗಳನ್ನು ಅಳಿಯನ ಜೊತೆ ಗೇಟಿನಾಚೆ ಕಳಿಸಿ ಮಗಳು ಮರಳಿ ಬಂದು ಪಕ್ಕದಲ್ಲಿ ನಿಂತಿದ್ದಳು.

"ನೀನ್ಯಾಕೆ ಬಂದೆ?" ಎಂದರು ಮೇಸ್ತ್ರಿ.

ಅವರು ಕಾರ್ಡನ್ನು ಮೇಲ್ವಿಚಾರಕನ ಮುಂದೆ ಹಿಡಿದರು. "ಆ ಮೂವತ್ತೊಂದು ನಾನೇ ಸ್ವಾಮಿ. ನಾನು ನೋಡಿರ್ಲಿಲ್ಲ. ಬಡ್ದಿರ್ಲಿಲ್ಲ. ಸುಮ್ನೆ ಮುದ್ರೆ ಹೊಡ್ದು ಹೊರಟುಹೋದೆ. ಆ ಮುದ್ರೆ ಸುಳ್ಳು."

ಮೇಲ್ವಿಚಾರಕ ಕಾರ್ಡು ನೋಡಿದ, ಶೆಲ್ಲಿನ ಕುತ್ತಿಗೆ ನೋಡಿದ, ಮತ್ತೆ ಕಾರ್ಡು ನೋಡಿದ. ಗೊಂಚಲಿನ ಸದ್ದು ನಿಂತಿತು. ಮಗಳೂ ಬಗ್ಗಿ ಆ ಅಂಕಿಗಳನ್ನು ಓದಿದಳು. ತಾರೀಖು ಓದಿದವಳು ಅಪ್ಪನ ಮುಖ ನೋಡಿದಳು. ಮೇಸ್ತ್ರಿಗೆ ಆ ನೋಟ ತಡೆಯಲಾಗಲಿಲ್ಲ, ಅವರು ನೆಲ ನೋಡಿದರು.

ಹತ್ತು ನಿಮಿಷದಲ್ಲಿ ತೋಪುಗಳ ಹಾಲ್ ಖಾಲಿಯಾಯಿತು. ವಿದ್ಯುತ್ ತೊಂದರೆ ಎಂದು ಸುಳ್ಳು ಹೇಳಿ ಗೈಡ್ ಹುಡುಗಿ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋದಳು. ಎದೆ ಗಟ್ಟಿಯಿದ್ದ ಹುಡುಗಿ. ಬಾಂಬ್ ದಳದ ವ್ಯಾನು ಬಂತು. ರಸ್ತೆಯ ಆಚೆ ಬದಿಯ ಬೆಂಚಿನ ಮೇಲೆ ಮೇಸ್ತ್ರಿ ಕೂತರು, ಮಗಳು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ. ಅಳಿಯ ಮೊದಲ ಸಲ ಫೋನು ಜೇಬಿಗಿಟ್ಟು ಮೊಮ್ಮಗಳ ಕಿವಿ ಮುಚ್ಚಿಕೊಂಡು ದೂರ ನಿಂತಿದ್ದ.

ಗಂಟೆಗೂ ಹೆಚ್ಚು ಹೊತ್ತು ಕಳೆಯಿತು. ಪ್ರತಿ ಕಾರಿನ ಬಾಗಿಲು ಬಡಿದಾಗಲೂ ಮೇಸ್ತ್ರಿ ಬೆಚ್ಚಿಬೀಳುತ್ತಿದ್ದರು.

"ನಾನು ಡಾಕ್ಟರ ಹತ್ರ ಎಷ್ಟು ಸಲ ಜಗಳ ಆಡಿದೀನಿ ಗೊತ್ತಾ ಅಪ್ಪ?" ಎಂದಳು ಮಗಳು ಕೊನೆಗೆ, ಮ್ಯೂಸಿಯಂ ಬಾಗಿಲನ್ನೇ ನೋಡುತ್ತ. "ನಿನ್ನ ಹೆಸರು ಹೇಳ್ಕೊಂಡು."

"ಗೊತ್ತು," ಎಂದರು ಮೇಸ್ತ್ರಿ.

ದಳದ ಅಧಿಕಾರಿ ಹೊರಗೆ ಬಂದ. ದಪ್ಪ ಕವಚ ಕಳಚಿದ್ದ, ಅಂಗಿ ಬೆವರಿನಿಂದ ಮೈಗಂಟಿತ್ತು. ನೇರವಾಗಿ ಮೇಸ್ತ್ರಿಯ ಹತ್ತಿರ ಬಂದ. "ತುಂಬಿದೆ," ಎಂದ. "ಬಿರಡೆ ತೆಗೆದು ನೋಡಿದ್ವಿ. ಕುತ್ತಿಗೆವರೆಗೂ ಮದ್ದು. ಇಷ್ಟು ವರ್ಷದ ಸೆಕೆಗೆ ಬೆವತು ಮೂತಿಗೆ ಬಂದು ಕೂತಿದೆ. ಇವತ್ತು ನೀವು ಆ ಸುತ್ತಿಗೆ ಹಿಡೀದೆ ಇದ್ದಿದ್ರೆ..." ಅವರೆದುರು ಕುಕ್ಕರುಗಾಲಲ್ಲಿ ಕೂತು, ಸಣ್ಣ ಪುಸ್ತಕ ತೆರೆದ. "ಇನ್ನೊಂದು ಕೇಳ್ಬೇಕು ಯಜಮಾನ್ರೇ. ಅವತ್ತು ಹೀಗೆ ಮುದ್ರೆ ಹೊಡ್ದಿದ್ದು ಇದೊಂದಕ್ಕೇನಾ?"

ಮೂವತ್ತಾರು ವರ್ಷ ಮನೆಮಂದಿಗೆಲ್ಲ ಕೇಳಿಸಿದ ಆ ಅಂಕಿ ಈಗ ಮೇಸ್ತ್ರಿಯ ನಾಲಿಗೆಗೆ ಬರಲೊಲ್ಲದು.

"ಹದಿನೆಂಟು," ಎಂದಳು ಮಗಳು.

ಅಧಿಕಾರಿಯ ಪೆನ್ನು ನಿಂತಿತು. "ಉಳಿದ ಹದಿನೇಳು ಎಲ್ಲಿವೆ?"

ದೂರದಲ್ಲಿ ಮೊಮ್ಮಗಳು ಅಪ್ಪನ ಕೈ ಬಿಡಿಸಿಕೊಂಡು ಕಲ್ಲಿನ ಕಟ್ಟೆ ಹತ್ತಿ ಜಿಗಿಯುತ್ತಿದ್ದಳು. ಮೇಸ್ತ್ರಿ ಅವಳನ್ನು ನೋಡಿದರು. ಮಗಳೂ ನೋಡಿದಳು. ಇಬ್ಬರಿಗೂ ನೆನಪಾದದ್ದು ಒಂದೇ.

"ನನ್ನ ಮಗಳ ಸ್ಕೂಲ್ ಗೇಟಲ್ಲಿ ಎರಡಿದೆ ಸರ್," ಎಂದಳು ಆಕೆ. "ಬಿಳಿ ಬಣ್ಣ ಬಳ್ದಿದಾರೆ. ಕೆಳಗೆ ಯಾವ ತಾರೀಖಿದೆ ಅಂತ ಇದುವರೆಗೂ ಯಾರೂ ಕೆರ್ದು ನೋಡಿಲ್ಲ. ನಾಳೆ ಬೆಳಗ್ಗೆ ಎಂಟಕ್ಕೆ ಸ್ಕೂಲು."

ಅಧಿಕಾರಿ ಆಗಲೇ ಎದ್ದು ವ್ಯಾನಿನ ಕಡೆ ಕೈ ಬೀಸುತ್ತಿದ್ದ. ಮೇಸ್ತ್ರಿ ಬೆಂಚು ಹಿಡಿದು ಏಳಲು ಹೋದರು. ಮಗಳು ಆ ಖಾಲಿ ಜಾಗ ದಾಟಿ ಬಂದು ಅವರ ತೋಳು ಹಿಡಿದಳು. ಹಿಡಿತ ಬಿಗಿಯಾಗಿತ್ತು, ಅದರಲ್ಲಿ ಸಿಟ್ಟಿತ್ತು, ಆದರೂ ಹಿಡಿದಿದ್ದಳು.

"ಏಳಪ್ಪ. ಕನ್ನಡಕ ಹಾಕ್ಕೋ," ಎಂದಳು. "ಹದಿನೆಂಟೂ ಮುಗಿಸೇ ಮನೆಗೆ ಹೋಗೋಣ."