ಎರಡು ಕಡೆಯ ಸಾಕ್ಷಿ

ದಾರವನ್ನು ಹಲ್ಲಿನಿಂದ ಕಡಿದು ದರ್ಜಿ ಸ್ವೆಟರಿನ ಕೊನೆಯ ಗುಂಡಿಯನ್ನು ಎಳೆದು ನೋಡಿದ. ಗಟ್ಟಿಯಾಗಿತ್ತು. ಹೋದ ಚಳಿಗಾಲವನ್ನೆಲ್ಲ ಅಕ್ಕ ಆ ಗುಂಡಿಯಿಲ್ಲದೆಯೇ ಕಳೆದಿದ್ದಳು. ತಮ್ಮ ಅನ್ನೋನು ಊರಿಗೆಲ್ಲ ಹೊಲೀತಾನೆ, ನನ್ನ ಸರದಿ ಬರೋದೇ ಇಲ್ಲ ಎಂದು ಬಂದವರೆದುರು ಆಡಿಕೊಳ್ಳುತ್ತಿದ್ದಳು. ಈಗ ಹೊಲಿದು ಏನು ಬಂತು? ಆದರೂ ಹೊಲಿದ. ಅವನ ಕೈಗೆ ಬೇರೆ ಏನು ಮಾಡಬೇಕೆಂದು ತೋಚಿರಲಿಲ್ಲ.

"ರೀ, ಸಾಕು ಕೊಡಿ. ಅತ್ತಿಗೆಗೆ ಅದನ್ನ ಹಾಕ್ಬೇಕು, ಜನ ಬರ್ತಾ ಇದಾರೆ," ಎಂದಳು ಹೆಂಡತಿ. ಅತ್ತು ಅತ್ತು ಅವಳ ದನಿ ಕಟ್ಟಿಹೋಗಿತ್ತು.

ಮುಂದಿನ ಕೋಣೆಯಲ್ಲಿ ಎರಡು ಬೆಂಚು ಜೋಡಿಸಿ ಶವಪೆಟ್ಟಿಗೆ ಇಟ್ಟಿದ್ದರು. ಹೊಲಿಗೆ ಯಂತ್ರವನ್ನು ಗೋಡೆಗೆ ತಳ್ಳಿ ಮೇಲೊಂದು ಬಟ್ಟೆ ಹೊದಿಸಿದ್ದರು. ಪಕ್ಕದ ಮನೆಯ ಹಳೇ ನರ್ಸಮ್ಮ ಕುರ್ಚಿಯಲ್ಲಿ ಕೂತು ಮೂಗೊರೆಸಿಕೊಳ್ಳುತ್ತಿದ್ದರು.

"ನಮ್ಮ ಯಜಮಾನ್ರು ತೀರಿಹೋದ ವರ್ಷ ಯಾವ್ದು ಅಂತ ನನಗೇ ಮರ್ತುಹೋಗಿತ್ತು. ಇವಳೇ ಕೂಡಿಸಿ ಕಳೆದು ಹೇಳಿದ್ಳು ಕಣಪ್ಪ."

"ಜೀವ ಪೂರ್ತಿ ಹಕ್ಕಿಗಳಿಗೇ ಕೊಟ್ಟುಬಿಟ್ರು," ಎಂದ ಎದುರುಮನೆಯ ಎಲೆಕ್ಟ್ರಿಷಿಯನ್.

"ಹಕ್ಕಿನಾ? ಕಾಗೆ ಬಿಟ್ರೆ ಇನ್ನೊಂದು ಹಕ್ಕಿ ಗುರುತಿರ್ಲಿಲ್ಲ ಅವಳಿಗೆ!" ಎಂದರು ನರ್ಸಮ್ಮ.

ಅಳುತ್ತಿದ್ದವರೂ ನಕ್ಕರು. ದರ್ಜಿಯೂ ನಕ್ಕ. ಅಷ್ಟರಲ್ಲಿ ಅಕ್ಕನ ಕಚೇರಿಯ ಸಂಪಾದಕ ಬಾಗಿಲಲ್ಲಿ ಕಾಣಿಸಿಕೊಂಡ, ಎದೆಗೆ ಏನನ್ನೋ ಅವಚಿಕೊಂಡು. ಹೊಸ ಕಾಗದದ ವಾಸನೆ ಬಡಿದದ್ದೇ ದರ್ಜಿಯ ನಗು ನಿಂತಿತು. ಅಕ್ಕನ ಪುಸ್ತಕ ಬಂದುಬಿಟ್ಟಿತ್ತು.

*

ಅಕ್ಕ ಮಾಡುವ ಕೆಲಸವೇನೆಂದು ಬೀದಿಯವರಿಗೆ ಹೇಳಿ ಹೇಳಿ ದರ್ಜಿಗೆ ಸಾಕುಸಾಕಾಗಿತ್ತು. ಪ್ರತಿ ಹಕ್ಕಿಗೂ ವಿಜ್ಞಾನಿಗಳು ಇಟ್ಟ ಹೆಸರೊಂದು ಇರುತ್ತದೆ. ಎಷ್ಟೋ ಹೆಸರುಗಳ ಒಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಕಾಡಿನಲ್ಲಿ ಜ್ವರ ಬಂದು ಸತ್ತ ಸಂಗ್ರಹಕಾರನೋ, ಹಡಗಿನ ವೈದ್ಯನೋ, ಯಾರದೋ ಹೆಂಡತಿಯೋ. ಅವರು ಯಾರು, ಯಾವಾಗ ಹುಟ್ಟಿದರು, ಯಾವಾಗ ಸತ್ತರು ಎಂದು ಪತ್ತೆ ಮಾಡಿ, ತಾಳೆ ನೋಡಿ, ಒಂದು ದಪ್ಪ ಪುಸ್ತಕಕ್ಕೆ ಸೇರಿಸುವುದು ಅಕ್ಕನ ಕೆಲಸ. ಕಚೇರಿಯಲ್ಲಿ ಅವಳಿಗೆ ಯಾವಾಗಕ್ಕ ಎಂದೇ ಹೆಸರು ಬಿದ್ದಿತ್ತು. ಯಾರು ಏನೇ ಹೇಳಲಿ, ಅವಳು ಮೊದಲು ಕೇಳುತ್ತಿದ್ದುದು "ಯಾವಾಗ?" ಎಂದು.

ಪುಸ್ತಕದ ಮೊದಲ ಆವೃತ್ತಿಯಲ್ಲಿ ಅವಳು ಬದುಕಿದ್ದವನೊಬ್ಬನನ್ನು ಸಾಯಿಸಿದ್ದಳು. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು, ಇಬ್ಬರೂ ಹಕ್ಕಿ ಹಿಂದೆ ಬಿದ್ದವರು. ಯಾರೋ ಒಬ್ಬರ ಮಾತು ಕೇಳಿ ಅಪ್ಪ ಸತ್ತ ವರ್ಷವನ್ನು ಮಗನ ಹೆಸರಿನ ಮುಂದೆ ಅಚ್ಚು ಹಾಕಿಸಿದ್ದಳು. ಆ ಮಗರಾಯ ಕೋಲೂರಿಕೊಂಡು ಕಚೇರಿಗೇ ಬಂದ. "ನಾನು ಹೇಗೆ ಸತ್ತೆ ಅಂತ ಒಂದು ಸ್ವಲ್ಪ ಹೇಳಮ್ಮ. ಮುಂದೆ ಹುಷಾರಾಗಿರ್ತೀನಿ," ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮಾತ್ರ ಮನೆಗೆ ಬಂದು ಊಟ ಮಾಡದೆ ಮಲಗಿದಳು.

"ಒಬ್ಬರ ಬಾಯಿ ಮಾತು ನಂಬಿ ಕೆಟ್ಟೆ ಕಣೋ. ಇನ್ನು ಮೇಲೆ ಎರಡು ಕಡೆ ಸಾಕ್ಷಿ ಸಿಗದೆ ಒಂದಂಕಿ ಹಾಕಲ್ಲ. ಸಿಗದಿದ್ರೆ ಖಾಲಿ ಬಿಡ್ತೀನಿ. ಖಾಲಿ ಬಿಟ್ರೆ ಯಾರಿಗೂ ಮೋಸ ಆಗಲ್ಲ," ಎಂದಿದ್ದಳು.

ಅಂದಿನಿಂದ ಎಲ್ಲೆಲ್ಲಿಗೋ ಫೋನು ಮಾಡಿ ಜನರ ಪ್ರಾಣ ತಿನ್ನುತ್ತಿದ್ದಳು. ಕೊನೆಗೆ ಉಳಿದದ್ದು ಒಬ್ಬಳು ಹೆಂಗಸು. ಬೂದು ಬಣ್ಣದ ಒಂದು ಪುಟ್ಟ ಹಕ್ಕಿಗೆ ಅವಳ ಹೆಸರಿಟ್ಟಿದ್ದರು, ಬರೀ ಹೆಸರು. ಹಕ್ಕಿ ಹಿಡಿದವನ ಮಗಳೋ ಅಡುಗೆಯವಳೋ ಒಬ್ಬರಿಗೂ ಗೊತ್ತಿರಲಿಲ್ಲ. ಅವಳಿಗಾಗಿ ಅಕ್ಕ ಎರಡು ಊರುಗಳ ದಾಖಲೆ ಕಚೇರಿಗಳನ್ನು ಕೇಳಿಕೊಂಡಿದ್ದಳು. ಹುಡುಕಿ ಮನೆಗೆ ಫೋನು ಮಾಡುತ್ತೇವೆ ಎಂದಿದ್ದರು. ಆಮೇಲೆ ಅವಳೇ ಆಸ್ಪತ್ರೆ ಸೇರಿದಳು.

*

ವಾರ್ಡಿನಲ್ಲಿ ಯಾರ ಫೋನು ಕೂಗಿದರೂ ಅಕ್ಕ ಎದ್ದು ಕೂರಲು ಹೋಗುತ್ತಿದ್ದಳು. ಕೈಗೆ ಚುಚ್ಚಿದ ಸೂಜಿ ಕಿತ್ತು ರಕ್ತ ಸುರಿಯುತ್ತಿತ್ತು. "ಹೇಗಾದ್ರೂ ಸಮಾಧಾನ ಮಾಡಿ. ಇನ್ನು ನಾವು ಮಾಡೋದು ಹೆಚ್ಚಿಲ್ಲ," ಎಂದಿದ್ದರು ಡಾಕ್ಟರು.

ಒಂದು ಮಧ್ಯಾಹ್ನ ದರ್ಜಿಗೆ ಅದನ್ನು ನೋಡಲಾಗಲಿಲ್ಲ. "ಫೋನ್ ಬಂತು ಅಕ್ಕ," ಎಂದುಬಿಟ್ಟ.

ಅವಳ ಕಣ್ಣು ದೊಡ್ಡದಾಯಿತು. "ಎರಡೂ ಕಡೆಯಿಂದಾನಾ?"

"ಎರಡೂ ಕಡೆಯಿಂದ. ಒಂದೇ ಮಾತು ಹೇಳಿದ್ರು. ಅವನ ಮಗಳಂತೆ."

"ಯಾವಾಗ?"

ಅದನ್ನು ಅವನು ಯೋಚಿಸಿಕೊಂಡು ಬಂದಿರಲಿಲ್ಲ. ಹುಟ್ಟು ಸಾವಿನ ವರ್ಷ ಅವನಿಗೆ ಬಾಯಿಪಾಠವಿದ್ದದ್ದು ಒಬ್ಬಳೇ ಹೆಂಗಸಿನದು. "ಹುಟ್ಟಿದ್ದು ಹದಿನೆಂಟರಲ್ಲಿ. ಹೋಗಿದ್ದು ಐವತ್ತೊಂದರಲ್ಲಿ," ಎಂದ.

ಅಕ್ಕ ಅವನನ್ನೇ ನೋಡಿದಳು. ಆಮೇಲೆ ಸೂಜಿಯಿಲ್ಲದ ಕೈಯಿಂದ ಅವನ ಬೆರಳು ಹಿಡಿದುಕೊಂಡಳು. "ಪಾಪ, ಎಷ್ಟು ಚಿಕ್ಕವಳು. ಮಕ್ಕಳಿನ್ನೂ ಸಣ್ಣವು," ಎಂದು ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಹಾಯಾಗಿ ನಿದ್ದೆ ಮಾಡಿದಳು. ದರ್ಜಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ನೋಡಲು ಬಂದ ಸಂಪಾದಕನಿಗೆ ಅವಳೇ ತಮ್ಮನ ಎದುರಿಗೆ ವಿಷಯ ಹೇಳಿದಳು. ಅವನು ಹೊರಗೆ ಬಂದು, "ನಿಜಾನಾ ಸಾರ್?" ಎಂದು ದರ್ಜಿಯನ್ನು ಕೇಳಿದ. ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಹೂಂ ಎಂದ. ಆ ವಾರದಲ್ಲೇ ಅಕ್ಕನ ಮಾತು ನಿಂತಿತು. ಉಸಿರು ನಿಲ್ಲಲು ಮತ್ತೂ ಒಂದು ತಿಂಗಳು ಹಿಡಿಯಿತು.

*

"ನೋಡಿ, ಒಂದೇ ಒಂದು ಜಾಗವೂ ಖಾಲಿ ಇಲ್ಲ," ಎಂದು ಸಂಪಾದಕ ಎಲ್ಲರಿಗೂ ಕೇಳುವಂತೆ ಹೇಳಿ ಕೊನೆಯ ಹೊತ್ತಿಗೆ ಸಿಕ್ಕ ಹೆಂಗಸಿನ ಪುಟ ತೆಗೆದ. "ಸಂಗ್ರಹಕಾರನ ಮಗಳು. ಜನನ ೧೯೧೮, ಮರಣ ೧೯೫೧."

"ಅಯ್ಯೋ ಪಾಪ," ಎಂದರು ನರ್ಸಮ್ಮ, ಯಾರಿಗೆಂದು ಗೊತ್ತಿಲ್ಲದಿದ್ದರೂ.

ದರ್ಜಿ ಪುಸ್ತಕವನ್ನು ನರ್ಸಮ್ಮನ ಕೈಗೆ ತುರುಕಿ, ಸಂಪಾದಕನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕದ ಮುಂದೆ ಮಾಡಿದ.

"ಅದು ಸುಳ್ಳು."

"ಯಾವುದು ಸಾರ್?"

"ಯಾರ ಫೋನೂ ಬರ್ಲಿಲ್ಲ. ನಾನೇ ಹೇಳಿದ್ದು. ಅದು ನಮ್ಮಮ್ಮನ ವರ್ಷ. ಅಮ್ಮ ಹೋದಾಗ ನನಗೆ ಬುದ್ಧಿ ಬಂದಿರ್ಲಿಲ್ಲ. ಅಕ್ಕಾನೇ ನನ್ನ ಸಾಕಿದ್ದು."

ಸಂಪಾದಕ ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆಂದು ದರ್ಜಿ ಕಾದ.

"ಹಾಗಾದ್ರೆ ಅಕ್ಕನಿಗೆ ಗೊತ್ತಾಗಿತ್ತು," ಎಂದ ಸಂಪಾದಕ.

"ಏನು?"

"ನಾನು ನೋಡ್ಕೊಂಡು ಹೋದ ಮಾರನೇ ದಿನ ಆಸ್ಪತ್ರೆ ನರ್ಸ್ ಕೈಲಿ ಫೋನ್ ಹಿಡಿಸಿ ನನ್ನ ಹತ್ರ ಮಾತಾಡಿದ್ರು. 'ಆ ಹೆಂಗಸಿನದು ಖಾಲಿ ಬಿಡು, ತಮ್ಮನಿಗೆ ಹೇಳ್ಬೇಡ, ನೊಂದ್ಕೋತಾನೆ' ಅಂದ್ರು. ನಾನು ಔಷಧಿ ಅಮಲು ಅಂದ್ಕೊಂಡೆ. ಅಕ್ಕ ಹೇಳಿದ್ದು ಒಂದು, ನೀವು ಹೂಂ ಅಂದಿದ್ದು ಒಂದು. ಎರಡು ಸಾಕ್ಷಿ ಆಯ್ತಲ್ಲ ಅಂತ ಹಾಗೇ ಬಿಟ್ಟೆ. ಎರಡೂ ನಿಮ್ಮ ಬಾಯಿಂದಲೇ ಬಂದಿದ್ದು ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ."

ಅವಳಿಗೆ ಗೊತ್ತಿತ್ತು. ತಾಯಿ ಸತ್ತ ವರ್ಷ ಅವಳಿಗೆ ಗೊತ್ತಿರುವುದಿಲ್ಲವೇ? ಎಂಥ ದಡ್ಡ ತಾನು! ಗೊತ್ತಿದ್ದೂ ಅವನ ಬೆರಳು ಹಿಡಿದುಕೊಂಡು ಅವನಿಗಾಗಿ ನಿದ್ದೆ ಮಾಡಿ ತೋರಿಸಿದ್ದಳು.

"ಪುಸ್ತಕ ಎಲ್ಲ ವಾಪಸ್ ತರಿಸೋಣ. ತಿದ್ದೋಣ. ಕೂತು ಒಂದೊಂದನ್ನೂ ನಾನೇ ಅಳಿಸ್ತೀನಿ."

"ಎಲ್ಲಿಂದ ತರಿಸ್ತೀರ? ಮೊನ್ನೆನೇ ಹೋದ್ವು. ಲೈಬ್ರರಿಗಳಿಗೆ, ಮ್ಯೂಸಿಯಮ್‌ಗಳಿಗೆ, ಹೊರದೇಶಕ್ಕೆ. ತಿದ್ದುಪಡಿ ಚೀಟಿ ಕಳಿಸ್ತೀನಿ, ಯಾರೂ ಅಂಟಿಸಲ್ಲ. ನಮ್ಮದನ್ನ ನೋಡಿ ಇನ್ನೊಬ್ರು ಬರ್ಕೋತಾರೆ. ಆಮೇಲೆ ಯಾರಾದ್ರೂ ಎರಡನೇ ಸಾಕ್ಷಿ ಹುಡುಕಿದ್ರೆ ಅವರದ್ದೇ ಸಿಗುತ್ತೆ. ಮುಗೀತು ಸಾರ್. ಇನ್ನು ಆ ಹೆಂಗಸು ಹುಟ್ಟಿದ್ದೂ ಆಗಲೇ, ಸತ್ತಿದ್ದೂ ಆಗಲೇ."

ಹೊರಗಿನಿಂದ ಹೆಂಡತಿ ಕರೆದಳು. ಗಾಡಿ ಬಂದಿತ್ತು, ಮುಚ್ಚಳ ಹಾಕಬೇಕಿತ್ತು.

ದರ್ಜಿ ಬಂದು ನೋಡಿದರೆ ನರ್ಸಮ್ಮ ಪುಸ್ತಕವನ್ನು ಅಕ್ಕನ ಎದೆಯ ಮೇಲಿಟ್ಟು ಎರಡೂ ಕೈಗಳನ್ನು ಅದರ ಮೇಲೆ ಜೋಡಿಸಿದ್ದರು. "ಅವಳ ದುಡಿಮೆ ಅವಳ ಜೊತೇಲೇ ಹೋಗ್ಲಿ," ಎಂದರು.

"ಬೇಡ," ಎಂದ ದರ್ಜಿ. ಅಕ್ಕನ ತಣ್ಣಗಿನ ಕೈ ಎತ್ತಿ ಪುಸ್ತಕ ಎಳೆದುಕೊಂಡ. ಪುಟ ಹುಡುಕಿದ.

"ಏನ್ರೀ ಮಾಡ್ತಿದೀರ?"

"ಇದೊಂದರಲ್ಲಾದ್ರೂ ಆ ಪುಟ ಇರೋದು ಬೇಡ ಕಣೆ."

ಪುಟ ಹರಿದ ಸದ್ದು ಕೋಣೆಯಲ್ಲೆಲ್ಲ ಕೇಳಿಸಿತು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಎಲೆಕ್ಟ್ರಿಷಿಯನ್ ಅವನ ಭುಜ ಹಿಡಿದ. ಸಂಪಾದಕ ಬಾಗಿಲಿಗೆ ಒರಗಿ ನಿಂತಿದ್ದ. ದರ್ಜಿ ಪುಸ್ತಕವನ್ನು ಮತ್ತೆ ಅವಳ ಕೈ ಕೆಳಗೆ ಸರಿಸಿದ. ಮುಚ್ಚಳ ಬಿತ್ತು.

ನಾಲ್ಕು ಜನ ಪೆಟ್ಟಿಗೆ ಎತ್ತಿದರು. ತಲೆಯ ಕಡೆಯ ಹಿಡಿ ತಮ್ಮನದು. ಮೆಟ್ಟಿಲು ಇಳಿಯುವಾಗ ಪೆಟ್ಟಿಗೆ ಅವನ ಕಡೆಗೇ ವಾಲಿತು.

"ಸಾರ್, ಕೈಲೇನೋ ಇದೆ ನಿಮ್ಮದು. ಬಿಸಾಕಿ ಸರಿಯಾಗಿ ಹಿಡ್ಕೊಳ್ಳಿ, ಜಾರುತ್ತೆ," ಎಂದ ಗಾಡಿಯ ಡ್ರೈವರು.

ದರ್ಜಿ ಕೈ ಬಿಚ್ಚಲಿಲ್ಲ. ಬೆವರಿಗೆ ಒದ್ದೆಯಾದ ಕಾಗದದ ಉಂಡೆಯ ಸಮೇತ ಹಿಡಿಯನ್ನು ಬಿಗಿಯಾಗಿ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದ.