ಒಳಗ ಯಾರಿದ್ದೀರಿ?

"ನಮ್ಮ ಕಾಶಪ್ಪ ಕಲ್ಕತ್ತಾದಾಗ ಕಣದ ಮಷಿನಿಗೆ ಇಂಜಿನಿಯರ್" ಎಂದು ಸೋದರಮಾವ ಅಂದಾನಪ್ಪ ಹೇಳಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡ. ಅಲ್ಲಿಗೆ ಕೆಟ್ಟಿತು.

ಈ ಸೀಮೆಯಲ್ಲಿ ಕಣವೆಂದರೆ ಕುಪ್ಪಸದ ಬಟ್ಟೆ. ಕನ್ಯೆಯ ತಂದೆ ಅಮಾತೆಪ್ಪನ ಮುಖ ಗಂಟಿಕ್ಕಿತು. ಇಳಕಲ್ಲಿನಲ್ಲಿ ಅವನದು ಕೈಮಗ್ಗದ ಮನೆತನ. ಗೋಡೆಯಾಚೆ ಶಾಬುದ್ದೀನನ ಕರೆಂಟು ಮಗ್ಗಗಳು ಬೆಳಗಿನಿಂದ ಬಡಿಯುತ್ತಿದ್ದವು. ಒಂದು ಮಾತನ್ನು ಎರಡು ಸಲ ಕೂಗಬೇಕಿತ್ತು.

"ದಿನಕ್ಕ ಎಷ್ಟು ಕಣಾ ಇಳಸ್ತೈತ್ರಿ ನಿಮ್ಮ ಮಷಿನ್ನು?"

ಎಣಿಸಲಾಗದಷ್ಟು. ಅದು ನಿಜವೂ ಆಗಿತ್ತು. "ಭಾಳ" ಎಂದ ಕಾಶಪ್ಪ.

"ಬಾಜೂಕಿನಂವಾ ಸಾಲಲಿಲ್ಲಂತ ಕಲ್ಕತ್ತಾದಾಗೂ ಹುಟ್ಟ್ಯಾರ ನೋಡು, ನಮ್ಮ ಹೊಟ್ಟಿ ಮ್ಯಾಲೆ ಹೊಡ್ಯಾಕ" ಎಂದು ಅಮಾತೆಪ್ಪ ತನ್ನ ತಾಯಿಯ ಕಡೆ ತಿರುಗಿದ.

ಎಲ್ಲರೂ ಮಗ್ಗದ ಮನೆಯಲ್ಲೇ ಕುಳಿತಿದ್ದರು. ನಡುವೆ ಕುಣಿ ಮಗ್ಗ. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಕತ್ತಲಾಗಿತ್ತು. ಕನ್ಯೆ ಗುರುಸಿದ್ದವ್ವ ಉಪ್ಪಿಟ್ಟಿನ ತಾಟು ಇಡುವಾಗ ಕಾಶಪ್ಪನ ತಲೆಯ ಮೇಲಿನ ಬಸ್ಸಿನ ಧೂಳು ನೋಡಿ ನಕ್ಕಿದ್ದಳು. ಹುನಗುಂದದ ಸಾಲಿಯಲ್ಲಿ ಕಲಿಸುತ್ತಾಳಂತೆ, ರಜೆಯಲ್ಲಿ ಮಗ್ಗಕ್ಕೆ ಕೂರುತ್ತಾಳಂತೆ. ಮೊದಲು ನೋಡಿದ ಕನ್ಯೆಯರ ಮುಖ ಅವನಿಗೆ ನೆನಪಿರಲಿಲ್ಲ. ಇವಳು ಹೂಂ ಅನ್ನಲಿ ಎಂದು ಮನಸ್ಸು ಬೇಡುತ್ತಿತ್ತು. ಬೇಡುವುದು ಅವನಿಗೆ ರೂಢಿ ಇರಲಿಲ್ಲ.

"ಬಟ್ಟಿ ಅಲ್ರಿ" ಎಂದ. "ಈ ಕಣ ಅಣೂಕಿಂತ ಸಣ್ಣದು, ಕಣ್ಣಿಗೆ ಕಾಣೂದಿಲ್ಲ."

"ಕಾಣಲಾರದ್ದನ್ನ ಯಾರು ಕೊಳ್ತಾರೋ ಯಪ್ಪಾ?" ಎಂದಳು ಮುದುಕಿ ಶಿವಲಿಂಗವ್ವ.

"ಯಾರೂ ಕೊಳ್ಳೂದಿಲ್ಲ ಯಮ್ಮಾ. ಜೋರ ಓಡಿಸಿ ಇನ್ನೊಂದಕ್ಕ ಬಡಸ್ತಾರ."

"ಆಮ್ಯಾಲ?"

"ಏನು ಸಿಡೀತು ಅಂತ ನೋಡ್ತಾರ."

"ನೀ ನೋಡ್ತೀ ಏನು?"

"ನಾ ನೋಡೂದಿಲ್ಲ. ಅದು ವಿಜ್ಞಾನಿಗಳ ಕೆಲಸ."

ಹೇಳಿದ ಮೇಲೆ ತನಗೇ ಅದು ವಿಚಿತ್ರವಾಗಿ ಕೇಳಿಸಿತು. ಅವನ ಜೊತೆ ಅಣುಶಕ್ತಿ ಓದಿದವರು ರಿಯಾಕ್ಟರುಗಳಿಗೆ ಹೋಗಿ ಕರೆಂಟು ಮಾಡುತ್ತಿದ್ದರು. ಅವನ ಪಾಲಿಗೆ ಬಂದದ್ದು ಕಾಂಕ್ರೀಟು. ಯಂತ್ರದ ಕಿರಣ ಹೊರಗೆ ಸೋರದಂತೆ ಗೋಡೆ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕಿದ್ದ. ಗೋಡೆ ಎದ್ದು ನಿಂತು ವರ್ಷಗಳಾಗಿದ್ದವು. ಉಳಿದದ್ದು ಬಾಗಿಲು.

"ಯಂತ್ರ ಶುರು ಮಾಡೂಕಿಂತ ಮೊದಲ ಒಳಗ ಹೋಗಿ ಯಾರೂ ಇಲ್ಲಂತ ನೋಡ್ತೇನಿ. ಬಾಗಲಾ ಹಾಕ್ತೇನಿ."

"ವಾಚಮನ್ ಅನ್ರಿ ಹಂಗಾರ!" ಅಮಾತೆಪ್ಪ ತೊಡೆ ತಟ್ಟಿ ನಕ್ಕ. ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಕನಿಕರ ಬಂದದ್ದನ್ನು ಕಾಶಪ್ಪ ನೋಡಿದ. ಸಿಟ್ಟೇ ವಾಸಿಯಿತ್ತು.

"ಇಂಜಿನಿಯರ್ ಅದಾನ್ರಿ, ಖರೇನ" ಎಂದು ಮಾವ ಗೊಣಗಿದ.

ಗುರುಸಿದ್ದವ್ವ ತಲೆ ಎತ್ತಿದಳು. "ಒಳಗ ಯಾರೂ ಇಲ್ಲಂತ ನಿಮಗ ಹೆಂಗ ಗೊತ್ತಾಗ್ತೈತ್ರಿ?"

"ಮೂಲಿ ಮೂಲಿ ಅಡ್ಡಾಡಿ ನೋಡ್ತೇನಿ. ಕಡೀಕ ಕೂಗ್ತೇನಿ, ಒಳಗ ಯಾರಿದ್ದೀರಿ ಅಂತ."

"ಯಾರರ ಓ ಅಂದ್ರ?"

"ಇಲ್ಲೀತನಕ ಯಾರೂ ಅಂದಿಲ್ಲ."

"ಅಂದ್ರ?"

"ಯಂತ್ರ ಶುರು ಮಾಡೂದಿಲ್ಲ. ಶುರು ಆದಮ್ಯಾಲೆ ಬಾಗಲಾ ತಗಿಯೂ ಹಂಗಿಲ್ಲ."

ಅವಳು ಏನೋ ಯೋಚಿಸುತ್ತ ತಾಟು ಎತ್ತಿಕೊಂಡು ಹೋದಳು. ಅವನು ಇನ್ನೂ ಏನಾದರೂ ಹೇಳಬೇಕಿತ್ತು. ಹೇಳಲು ಇದ್ದದ್ದೇ ಅಷ್ಟು.

ಕರೆಂಟು ಹೋಯಿತು. ಶಾಬುದ್ದೀನನ ಮಗ್ಗಗಳು ತಟ್ಟನೆ ನಿಂತವು.

"ವಿಚಾರ ಮಾಡಿ ಹೇಳಿ ಕಳಸ್ತೇವ್ರಿ" ಎಂದು ಅಮಾತೆಪ್ಪ ಎದ್ದ. ಅದರ ಅರ್ಥ ಮಾವನಿಗೆ ಗೊತ್ತಿತ್ತು; ಚಪ್ಪಲಿ ಮೆಟ್ಟಿದ. ಎಲ್ಲರೂ ಅಂಗಳಕ್ಕೆ ಬಂದರು; ಗುರುಸಿದ್ದವ್ವ ಮಾತ್ರ ಕಾಣಲಿಲ್ಲ. ಅಲ್ಲೇ ನಿಂತು ಹತ್ತಿಯ ದರ, ಮಹಾಕೂಟದ ರಸ್ತೆ ಅಂತ ಮಾತು ಬೆಳೆಯಿತು. ಬೀದಿಗೆ ಇಳಿದ ಮೇಲೆ ಮಾವ ನಿಂತ. ಅಮೀನಗಡದಲ್ಲಿ ಕೊಂಡ ಕರದಂಟು ಚೀಲದಲ್ಲೇ ಉಳಿದಿತ್ತು, ಚೀಲ ಮಗ್ಗದ ಮನೆಯಲ್ಲಿ.

"ಹೋಗಲೇ, ಕರದಂಟು ಅಲ್ಲೇ ಇಟ್ಟು ಚೀಲಾ ತಗೊಂಡು ಬಾ. ಬಸ್ಸು ತಪ್ಪತೈತಿ."

"ಬರೂವಾಗ ಬಾಗಲಾ ಹಾಕ್ರಿ, ಆಡು ಹೊಕ್ಕು ನೂಲು ತಿಂತಾವು" ಎಂದು ಅಮಾತೆಪ್ಪ ಅಂಗಳದಿಂದಲೇ ಕೂಗಿದ. "ನಿಮಗ ರೂಢಿ ಐತೆಲ್ಲ!"

ಒಳಗೆ ಮಬ್ಬು. ಕಾಶಪ್ಪ ಕರದಂಟಿನ ಪೊಟ್ಟಣವನ್ನು ಚಾಪೆಯ ಮೇಲಿಟ್ಟು ಚೀಲ ಎತ್ತಿಕೊಂಡ. ಕುಣಿಯ ಅಂಚಿನಲ್ಲಿ ಕೆಂಪು ಸೆರಗಿನ ತುದಿ ಕಂಡಿತು. ಮಗ್ಗದ ಮೇಲಿನ ಸೀರೆಯದಿರಬೇಕು ಎಂದುಕೊಂಡ. ಬಗ್ಗಿ ನೋಡಲಿಲ್ಲ. ಹೊರಗೆ ಬಂದು ಬಾಗಿಲು ಎಳೆಯುವಾಗ ಬಾಯಿ ತನ್ನಷ್ಟಕ್ಕೇ ತೆರೆಯಿತು.

"ಒಳಗ ಯಾರಿದ್ದೀರಿ?"

ಎಂದಿನಷ್ಟು ಹೊತ್ತು ಕಾದ. ಯಾರೂ ಓಗೊಡಲಿಲ್ಲ. ಚಿಲಕ ಹಾಕಿದ.

ಆಗ ಬಳೆಗಳು ಸದ್ದು ಮಾಡಿದವು. "ಓ" ಎಂದಿತು ಒಳಗಿನಿಂದ ಒಂದು ದನಿ. ನಗು ತಡೆದುಕೊಂಡ ದನಿ.

ಅಷ್ಟರಲ್ಲಿ ಕರೆಂಟು ಬಂತು. ಗೋಡೆಯಾಚೆಯ ಮಗ್ಗಗಳೆಲ್ಲ ಒಮ್ಮೆಲೇ ಬಡಿಯತೊಡಗಿದವು. ಆ ದನಿ ಮತ್ತೆ ಬಂತೋ ಇಲ್ಲವೋ ಕೇಳಿಸಲಿಲ್ಲ. ಬೀದಿಯ ತುದಿಯಲ್ಲಿ ಮಾವ ಬಾ ಬಾ ಎಂದು ಕೈ ಬೀಸುತ್ತಿದ್ದ.

ಕಾಶಪ್ಪನ ಕೈ ಚಿಲಕದ ಮೇಲೇ ಇತ್ತು. ಯಂತ್ರ ಓಡುತ್ತಿತ್ತು.