ನಾಲ್ಕು ಓಮಿನ ದನಿ

"ಸ್ವಿಚ್ಚನ್ನ ನಾಲ್ಕಲ್ಲೇ ಬಿಟ್ಟಿದ್ದಾನೆ ನೋಡು, ಪುಣ್ಯಾತ್ಮ," ಎಂದು ಅಕ್ಕ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ರಿಪೇರಿ ಬೆಂಚಿನ ಮೇಲೆ ಗಿಟಾರಿನ ದನಿ ಏರಿಸುವ ತಮ್ಮನ ಆಂಪ್ ಬೆನ್ನು ತಿರುಗಿಸಿ ಕೂತಿತ್ತು. ಎದುರಿನ ಸ್ಟೂಲಿನ ಮೇಲೆ ತಮ್ಮನ ಹೆಂಡತಿ, ಮಡಿಲಲ್ಲಿ ಅವನದೇ ಗಿಟಾರು. ತಮ್ಮ ಮಾತ್ರ ಇರಲಿಲ್ಲ. ಎದೆಯುರಿ ಅಂತ ಮಾತ್ರೆ ನುಂಗಿ ಮಲಗಿದವನು ಮತ್ತೆ ಏಳದೆ ಎರಡು ತಿಂಗಳಾಗುತ್ತಾ ಬಂದಿತ್ತು.

ಮಣ್ಣು ಮಾಡಿ ಬಂದ ಮರುದಿನವೇ ಅಕ್ಕ ಅಂಗಡಿ ತೆರೆದಿದ್ದಳು. ನೋಡಿದವರು ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಉಣ್ಣುವಾಗ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ತಿಳಿಯುತ್ತಿಲ್ಲವಲ್ಲ ಎಂಬ ಗಾಬರಿಯೂ ಹುಟ್ಟುತ್ತಿರಲಿಲ್ಲ.

ತಮ್ಮನ ಹೆಂಡತಿ ಈಗ ಸಣ್ಣ ಬಾಡಿಗೆ ಮನೆಗೆ ಹೋಗಿದ್ದಳು. ಪಕ್ಕದವರು ಸೀನಿದರೆ ಈಚೆ ಕೇಳುವಂಥ ಗೋಡೆ. ಆಂಪನ್ನು ಮೆಲ್ಲಗೆ ಇಟ್ಟರೆ ದನಿಗೆ ಜೀವವೇ ಇರುವುದಿಲ್ಲ, ಜೋರಾಗಿ ಇಟ್ಟರೆ ಬೀದಿಗೆ ಬೀದಿಯೇ ಬಾಗಿಲಿಗೆ ಬರುತ್ತದೆ. ಅದಕ್ಕೇ ಅವಳು ಅಟೆನ್ಯುಯೇಟರ್ ಎಂಬ ಡಬ್ಬಿ ತಂದಿದ್ದಳು. ಅದು ಆಂಪ್‌ಗೂ ಸ್ಪೀಕರಿಗೂ ನಡುವೆ ಕೂತು, ಆಂಪ್ ಕೂಗಿದ್ದರಲ್ಲಿ ಬಹುಪಾಲು ತಾನೇ ನುಂಗಿ ಬಿಸಿಯಾಗಿ, ಉಳಿದ ಚೂರನ್ನಷ್ಟೇ ಸ್ಪೀಕರಿಗೆ ಬಿಡುತ್ತದೆ. ಕರೆಂಟಿಗೆ ಒಡ್ಡುವ ತಡೆಯನ್ನು ಅಳೆಯುವುದು ಓಮಿನಲ್ಲಿ. ಡಬ್ಬಿ ಹದಿನಾರು ಓಮಿನದು, ಸ್ಪೀಕರೂ ಹದಿನಾರರದು. ಆಂಪಿನ ಬೆನ್ನಿನ ಸ್ವಿಚ್ಚೂ ಹದಿನಾರಕ್ಕೇ ಇರಬೇಕು. ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಪೆಟ್ಟು ತಿಂದೂ ತಿಂದೂ ಒಂದು ದಿನ ಸುಟ್ಟುಹೋಗುತ್ತದೆ.

ತಮ್ಮನಿಗೆ ಇದೆಲ್ಲ ಬಾಯಿಪಾಠ. ಆದರೂ ನಾಲ್ಕಕ್ಕೇ ಇಡುತ್ತಿದ್ದ. ಹಾಗಿಟ್ಟರೆ ದನಿ ಬಿರುಸಾಗಿ, ನೆಗಡಿಯಾದವನ ಗಂಟಲಿನ ಹಾಗೆ ಬರುತ್ತಿತ್ತು. ಅವನಿಗೆ ಅದೇ ಬೇಕು. ಸರ್ವಿಸಿಗೆ ತಂದಾಗಲೆಲ್ಲ ಅಕ್ಕ ಬೈದು ಹದಿನಾರಕ್ಕೆ ತಿರುಗಿಸುವಳು, ಅವನು ಹೊಸ್ತಿಲು ದಾಟುವ ಮುಂಚೆಯೇ ಮತ್ತೆ ನಾಲ್ಕಕ್ಕೆ ತರುವನು. "ಸುಟ್ರೆ ನೀನಿದ್ದೀಯಲ್ಲಕ್ಕ," ಅನ್ನುವನು.

ಅಕ್ಕ ಸ್ವಿಚ್ಚನ್ನು ಹದಿನಾರಕ್ಕೆ ತಂದು ವಯರುಗಳನ್ನು ಸಿಕ್ಕಿಸಿ, "ನುಡಿಸು" ಎಂದಳು. ದನಿ ಚೊಕ್ಕವಾಗಿ ಬಂತು. ನಾಲ್ಕು ತಂತಿ ಮೀಟಿದ್ದೇ ತಮ್ಮನ ಹೆಂಡತಿ ನಿಲ್ಲಿಸಿಬಿಟ್ಟಳು.

"ಇದು ಅವರದ್ದಲ್ಲ ಅತ್ತಿಗೆ."

"ಅಲ್ಲ."

"ನಂಗೆ ಆ ಸೌಂಡೇ ಬೇಕಿತ್ತು. ಅದಕ್ಕೇ ತಾನೆ ಇದನ್ನ ಯಾರಿಗೂ ಕೊಡದೆ ಇಟ್ಕೊಂಡಿರೋದು."

"ನಾಲ್ಕಲ್ಲೇ ಬಿಡಬಹುದು. ಆದ್ರೆ ಇದಕ್ಕೆ ವಯಸ್ಸಾಗಿದೆ, ನೀನು ದಿನಾ ನುಡಿಸ್ತೀಯ. ಒಂದಿನ ಟ್ರಾನ್ಸ್‌ಫಾರ್ಮರ್ ಹೋಗತ್ತೆ. ಹೊಸದು ಹಾಕಿಕೊಡ್ತೀನಿ, ಆದ್ರೆ ಆ ದನಿ ಮತ್ತೆ ಬರಲ್ಲ."

"ಹದಿನಾರಲ್ಲೂ ಬರ್ತಿಲ್ವಲ್ಲ."

"ಬರ್ತಿಲ್ಲ. ಅವನು ನುಡಿಸಿದ ಆಂಪ್ ಆದ್ರೂ ಉಳಿಯತ್ತೆ."

ತಮ್ಮನ ಹೆಂಡತಿ ಅಂಗಿಯ ತೋಳಿನಿಂದ ತಂತಿಗಳನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಒಂದೇ ಒಂದ್ಸಲ, ಅತ್ತಿಗೆ. ಆಮೇಲೆ ಕೇಳಲ್ಲ."

ಬೇರೆ ಯಾರಾದರೂ ಕೇಳಿದ್ದರೆ ಅಕ್ಕ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದಳು. ಈಗ ಆಂಪನ್ನು ಆಫ್ ಮಾಡಿ, ಸ್ವಿಚ್ಚನ್ನು ನಾಲ್ಕಕ್ಕೆ ತಿರುಗಿಸಿದಳು. ಇಷ್ಟು ವರ್ಷದಲ್ಲಿ ಅವಳ ಕೈ ಆ ಕಡೆಗೆ ತಿರುಗಿಸಿದ್ದು ಇದೇ ಮೊದಲು.

ಡಬ್ಬಿ ಅದುಮಿ ಹಿಡಿದಿದ್ದರಿಂದ ದನಿ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಷ್ಟೇ ಇತ್ತು. ಆದರೆ ಅವನದೇ. ತಮ್ಮನ ಹೆಂಡತಿ ಅಲ್ಲಲ್ಲಿ ತಡವರಿಸುತ್ತಾ, ತಪ್ಪಿದಲ್ಲಿ ನಿಲ್ಲದೆ ನುಡಿಸಿದಳು. ಅಕ್ಕ ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟುಕೊಂಡೇ ಕೇಳಿದಳು. ಬೆಚ್ಚಗಿದ್ದದ್ದು ಬಿಸಿಯಾಯಿತು. ಒಳಗಿನ ಸುರುಳಿಗೆ ಬಳಿದ ಹಳೇ ವಾರ್ನಿಶ್ ಕಾಯುವ ವಾಸನೆ ಸಣ್ಣಗೆ ಎದ್ದಿತು. ಆ ವಾಸನೆ ಬಂದರೆ ತಕ್ಷಣ ಪ್ಲಗ್ ಕೀಳಬೇಕು. ಅವಳು ಕೀಳಲಿಲ್ಲ. ಎದೆಯೊಳಗೆ ಏನೋ ಒಂದಿಷ್ಟು ಅಲುಗಿ, ಮತ್ತೆ ಸುಮ್ಮನಾಯಿತು. ಅಳು ಬರಲಿಲ್ಲ. ಮುಗಿಯದೇ ಇರಲಿ ಅನ್ನಿಸಿತು, ಅಷ್ಟು ಮಾತ್ರ ಚೆನ್ನಾಗಿ ಗೊತ್ತಾಯಿತು.

ಮುಗಿಯಿತು. ಅಕ್ಕ ಆಂಪನ್ನು ಆಫ್ ಮಾಡಿ, ಸ್ವಿಚ್ಚನ್ನು ಹದಿನಾರಕ್ಕೆ ತಂದಳು.

"ನಿನ್ ಹತ್ರ ನೇಲ್ ಪಾಲಿಶ್ ಇದ್ಯಾ?"

ಅಲುಗಬಾರದ ಸ್ಕ್ರೂಗಳಿಗೆ ರಿಪೇರಿಯವರು ಹಚ್ಚುವುದು ಅದನ್ನೇ. ತಮ್ಮನ ಹೆಂಡತಿ ಬ್ಯಾಗಿನ ತಳದಿಂದ ಪುಟ್ಟ ಶೀಸೆಯೊಂದನ್ನು ತೆಗೆದುಕೊಟ್ಟಳು. ಎರಡು ತಿಂಗಳಿಂದ ಹಚ್ಚದೆ ಬಣ್ಣ ಮಂದವಾಗಿತ್ತು. ಅಕ್ಕ ಅದನ್ನು ಚೆನ್ನಾಗಿ ಕುಲುಕಿ, ಸ್ವಿಚ್ಚಿನ ಬುಡದ ಸುತ್ತ ಕೆಂಪಗೆ ಬಳಿದಳು. ಸಾಲದೆಂದು ಇನ್ನೊಮ್ಮೆ ಬಳಿದಳು.

"ಇನ್ನು ತಿರುಗಲ್ವಾ?"

"ತಿರುಗಲ್ಲ."

ತಮ್ಮನ ಹೆಂಡತಿ ಗಿಟಾರನ್ನು ಗೋಡೆಗೆ ಒರಗಿಸಿ ಬಂದು ಪಕ್ಕದಲ್ಲಿ ಬಗ್ಗಿದಳು. ಬಣ್ಣ ಬೇಗ ಒಣಗಲೆಂದು ಇಬ್ಬರೂ ಒಬ್ಬರಾದ ಮೇಲೊಬ್ಬರು ಊದಿದರು.